ಸಣ್ಣ ಕಾಲೇಜುಗಳ ಕಬಡ್ಡಿ ಋತು: ಹೊನ್ನಾಳಿ–ನ್ಯಾಮತಿ ಸೀಮೆ

ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲಿರುವ ಪದವಿ ಕಾಲೇಜುಗಳು ಪ್ರತಿ ಶೈಕ್ಷಣಿಕ ವರ್ಷದಲ್ಲೂ ತಂಡ ಕಟ್ಟಿ, ಅಭ್ಯಾಸ ನಡೆಸಿ, ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಆಡುವ ಅವಧಿಯೇ ಇಲ್ಲಿನ ಕಾಲೇಜು ಕಬಡ್ಡಿ ಋತು. ಪ್ರವೇಶ ಮುಗಿದು ತರಗತಿಗಳು ನೆಲೆಗೊಂಡ ಮೇಲೆ ಇದು ಆರಂಭವಾಗುತ್ತದೆ. ವಿಶ್ವವಿದ್ಯಾಲಯದ ತಂಡ ದಕ್ಷಿಣ ವಲಯದ ಪಂದ್ಯಗಳಿಗೆ ಹೊರಡುವುದರೊಂದಿಗೆ ಕಾಲೇಜುಗಳ ಮಟ್ಟಿಗೆ ಮುಗಿಯುತ್ತದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳಂಥ ಊರುಗಳ ಕಾಲೇಜುಗಳಿಗೆ ದೊಡ್ಡ ಕ್ರೀಡಾಂಗಣವಿಲ್ಲ, ಸಂಬಳದ ತರಬೇತುದಾರರಿಲ್ಲ, ಆಟಗಾರರನ್ನು ಹೊರಗಿನಿಂದ ಕರೆತರುವ ಶಕ್ತಿಯೂ ಇಲ್ಲ. ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಓದುವ ಮಕ್ಕಳೇ ತಂಡ. ಹಾಗಿದ್ದರೂ ಈ ಸೀಮೆಯ ಗ್ರಾಮೀಣ ಯುವಕ ಯುವತಿಯರಿಗೆ ನಿಯಮಬದ್ಧ ಸ್ಪರ್ಧೆಯ ಬಾಗಿಲು ತೆರೆಯುವುದು ಮುಖ್ಯವಾಗಿ ಈ ಋತುವಿನಲ್ಲೇ.

ಸೀಮೆ ಮತ್ತು ಕಾಲೇಜುಗಳು

ದಾವಣಗೆರೆ ಜಿಲ್ಲೆ 1997ರ ಆಗಸ್ಟ್ 15ರಂದು ರೂಪುಗೊಂಡಿತು. ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಇದಕ್ಕೆ ಸೇರಿದವು. ಮುಂದೆ ಹೊನ್ನಾಳಿಯನ್ನು ಒಡೆದು ನ್ಯಾಮತಿಯನ್ನು ಪ್ರತ್ಯೇಕ ತಾಲ್ಲೂಕು ಮಾಡಲಾಯಿತು. ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಗೋವಿನಕೋವಿ ಈಗ ನ್ಯಾಮತಿ ತಾಲ್ಲೂಕಿನ ಊರು. ಇಂಥ ಊರುಗಳಲ್ಲಿ ಪ್ರೌಢಶಾಲೆ ಮುಗಿಸಿದ ಮಕ್ಕಳು ಮುಂದಿನ ಓದಿಗೆ ನ್ಯಾಮತಿ, ಹೊನ್ನಾಳಿಗಳತ್ತಲೋ ಶಿವಮೊಗ್ಗ, ದಾವಣಗೆರೆಗಳತ್ತಲೋ ಮುಖ ಮಾಡುತ್ತಾರೆ.

ತುಂಗಭದ್ರೆಯ ದಡದ ಹೊನ್ನಾಳಿ ಸೀಮೆಯಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ ಬೆಳೆಯುತ್ತಾರೆ. ಚನ್ನಗಿರಿ ಅಡಿಕೆಯ ನಾಡು. ಜಗಳೂರು ಮಳೆಯನ್ನೇ ನಂಬಿದ ಒಣಭೂಮಿ. ಕಾಲೇಜು ತಂಡಗಳ ಅಭ್ಯಾಸಕ್ಕೂ ಈ ಬೆಳೆಗಳಿಗೂ ನೇರ ಸಂಬಂಧವಿದೆ. ಅಂತರ ಕಾಲೇಜು ಪಂದ್ಯಗಳು ಹತ್ತಿರವಾಗುವ ಹೊತ್ತಿಗೇ ಮೆಕ್ಕೆಜೋಳದ ತೆನೆ ಮುರಿಯುವ ಮತ್ತು ಅಡಿಕೆ ಕೊನೆ ಇಳಿಸಿ ಸುಲಿಯುವ ಕೆಲಸವೂ ಬರುತ್ತದೆ. ಮನೆಯ ಹೊಲಕ್ಕೆ ಕೈ ಬೇಕಾದ ದಿನ ಸಂಜೆಯ ಅಭ್ಯಾಸಕ್ಕೆ ಏಳು ಜನ ಸೇರುವುದೂ ಕಷ್ಟ.

ಇಲ್ಲಿನ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದಕ್ಕೆ ಸೇರಿದವು. ದಾವಣಗೆರೆಯ ಸ್ನಾತಕೋತ್ತರ ಕೇಂದ್ರ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಈ ಬದಲಾವಣೆ ಕ್ರೀಡೆಯ ಮೇಲೂ ಪ್ರಭಾವ ಬೀರಿತು. ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ತಂಡಗಳ ಜೊತೆಗೂ ಆಡುತ್ತಿದ್ದ ಹೊನ್ನಾಳಿಯವರಿಗೆ ಎದುರಾಳಿಗಳಾಗಿ ದಾವಣಗೆರೆ, ಚಿತ್ರದುರ್ಗದವರು ಮಾತ್ರ ಉಳಿದರು. ವಿಶ್ವವಿದ್ಯಾಲಯದ ವ್ಯಾಪ್ತಿ ಚಿಕ್ಕದಾದಷ್ಟೂ ಸಣ್ಣ ಕಾಲೇಜಿನ ಆಟಗಾರನಿಗೆ ವಿಶ್ವವಿದ್ಯಾಲಯ ತಂಡದ ಹಾದಿ ಹತ್ತಿರವಾಯಿತು.

ಚರಿತ್ರೆ

ಹಳ್ಳಿಯ ಬಯಲಿನಲ್ಲಿ ಊರಿಗೊಂದು ಕಟ್ಟಳೆಯಂತೆ ಆಡುತ್ತಿದ್ದ ಕಬಡ್ಡಿಗೆ ಬರೆದಿಟ್ಟ ನಿಯಮಗಳು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ, ಮುಖ್ಯವಾಗಿ ಮಹಾರಾಷ್ಟ್ರದ ವ್ಯಾಯಾಮ ಸಂಸ್ಥೆಗಳ ಶ್ರಮದಿಂದ. 1923ರಲ್ಲಿ ಬರೋಡದಲ್ಲಿ ಅಖಿಲ ಭಾರತ ಮಟ್ಟದ ಪಂದ್ಯಾವಳಿ ನಡೆಯಿತು. 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಅಲ್ಲಿ ಈ ಆಟವನ್ನು ಪ್ರದರ್ಶಿಸಿದರು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಒಕ್ಕೂಟ ಹುಟ್ಟಿತು.

ಕಾಲೇಜು ಕಬಡ್ಡಿಯ ದೃಷ್ಟಿಯಿಂದ ಮಹತ್ವದ ವರ್ಷ 1961. ಆ ವರ್ಷ ವಿಶ್ವವಿದ್ಯಾಲಯಗಳ ಕ್ರೀಡಾ ಮಂಡಳಿ ಕಬಡ್ಡಿಯನ್ನು ತನ್ನ ಮುಖ್ಯ ಕ್ರೀಡೆಗಳ ಸಾಲಿಗೆ ಸೇರಿಸಿತು. ಮರುವರ್ಷ ಶಾಲಾ ಕ್ರೀಡಾ ಒಕ್ಕೂಟವೂ ಅದನ್ನು ಒಪ್ಪಿಕೊಂಡಿತು. ಹೀಗೆ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಒಂದೇ ಏಣಿ ಸಿದ್ಧವಾಯಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಕಬಡ್ಡಿ ಪದಕದ ಸ್ಪರ್ಧೆಯಾಯಿತು. 2010ರ ಗುವಾಂಗ್‌ಝೌ ಕೂಟದಲ್ಲಿ ಮಹಿಳೆಯರ ಕಬಡ್ಡಿಯೂ ಸೇರಿತು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಗಿ, ಅದುವರೆಗೆ ಊರ ಜಾತ್ರೆಯಲ್ಲೋ ಕಾಲೇಜು ಮೈದಾನದಲ್ಲೋ ನೋಡುತ್ತಿದ್ದ ಆಟ ಮನೆಮನೆಯ ಟಿ.ವಿ.ಗೆ ಬಂತು. ಬೆಂಗಳೂರು ಬುಲ್ಸ್ ತಂಡ 2019ರ ಜನವರಿಯಲ್ಲಿ ಮುಗಿದ ಆರನೆಯ ಆವೃತ್ತಿಯನ್ನು ಗೆದ್ದಿತು. ಅರ್ಜುನ ಪ್ರಶಸ್ತಿ ಪಡೆದ ಕರ್ನಾಟಕದ ಬಿ.ಸಿ. ರಮೇಶ್ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ 2024ರಲ್ಲಿ ಪುಣೇರಿ ಪಲ್ಟನ್‌ಗೂ ಪ್ರಶಸ್ತಿ ತಂದುಕೊಟ್ಟರು.

ಆಟದ ವಿಧಾನ

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದು 12 ಮೀಟರ್ ಉದ್ದ, 8 ಮೀಟರ್ ಅಗಲ. ತಂಡದಲ್ಲಿ 12 ಮಂದಿ. ಅಂಕಣದಲ್ಲಿ 7 ಮಂದಿ. ಪುರುಷರಿಗೆ 20 ನಿಮಿಷಗಳ ಎರಡು ಅವಧಿ, ಮಹಿಳೆಯರಿಗೆ 15 ನಿಮಿಷಗಳ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಹಿರಿಯರ ವಿಭಾಗದಲ್ಲಿ ದೇಹತೂಕದ ಮಿತಿ ಪುರುಷರಿಗೆ 85 ಕಿಲೊ, ಮಹಿಳೆಯರಿಗೆ 75 ಕಿಲೊ.

ರೈಡರ್ ಬಿಡದೆ ‘ಕಬಡ್ಡಿ’ ಎನ್ನುತ್ತ ಎದುರಾಳಿಯ ಅಂಕಣಕ್ಕೆ ನುಗ್ಗಿ, 30 ಸೆಕೆಂಡಿನೊಳಗೆ ಮುಟ್ಟಿ ಮರಳಬೇಕು. ಮುಟ್ಟಿದ ಪ್ರತಿಯೊಬ್ಬನಿಗೂ ಒಂದು ಅಂಕ. ಅವರು ಹೊರಗೆ ಹೋಗುತ್ತಾರೆ. ಹಿಡಿದರೆ ರೈಡರ್ ಹೊರಗೆ, ಹಿಡಿದ ತಂಡಕ್ಕೆ ಒಂದು ಅಂಕ. ರೈಡರ್ ಕನಿಷ್ಠ ಬಾಕ್ ಲೈನನ್ನಾದರೂ ದಾಟಬೇಕು. ಎದುರು ಆರು ಅಥವಾ ಏಳು ಮಂದಿ ಇರುವಾಗ ಬೋನಸ್ ಗೆರೆ ದಾಟಿದರೆ ಹೆಚ್ಚುವರಿ ಒಂದು ಅಂಕ. ಮೂವರೋ ಅದಕ್ಕಿಂತ ಕಡಿಮೆ ಮಂದಿಯೋ ಉಳಿದಿದ್ದಾಗ ರೈಡರನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್. ಒಂದು ಅಂಕ ಹೆಚ್ಚು. ಎದುರಾಳಿ ತಂಡ ಪೂರ್ತಿ ಔಟಾದರೆ ಲೋನಾ, ಎರಡು ಅಂಕ.

ಹಿಡಿಯುವ ಏಳು ಮಂದಿಯಲ್ಲಿ ಎಡ ಬಲದ ಕಾರ್ನರ್‌ಗಳು, ಅವರ ಪಕ್ಕದ ಇನ್‌ಗಳು, ಕವರ್‌ಗಳು, ನಡುವೆ ಸೆಂಟರ್. ಕಾರ್ನರ್‌ಗೆ ಆಂಕಲ್ ಹೋಲ್ಡ್ ಮತ್ತು ತೊಡೆ ಹಿಡಿತ ಗೊತ್ತಿರಬೇಕು. ಕವರ್‌ನವರು ಒಬ್ಬರ ಕೈ ಒಬ್ಬರು ಹಿಡಿದು ಚೈನ್ ಕಟ್ಟುತ್ತಾರೆ; ರೈಡರ್ ಒಳಗೆ ಆಳಕ್ಕೆ ಬಂದ ಗಳಿಗೆ ನೋಡಿ ಮುಚ್ಚುತ್ತಾರೆ. ಸಣ್ಣ ಕಾಲೇಜಿನ ತಂಡ ಸೋಲುವುದು ಹೆಚ್ಚಾಗಿ ಇಲ್ಲೇ. ಒಬ್ಬ ಒಳ್ಳೆಯ ರೈಡರ್ ಯಾವ ಹಳ್ಳಿಯಿಂದಲಾದರೂ ಬರಬಹುದು. ಓಟ, ಚುರುಕು, ಧೈರ್ಯ ಅವನ ಸ್ವಂತದ್ದು. ಹಿಡಿತಕ್ಕೆ ಮಾತ್ರ ಹೊಂದಾಣಿಕೆ ಬೇಕು. ಕಾರ್ನರ್ ಕೈ ಹಾಕಿದ ಅರೆಗಳಿಗೆಯಲ್ಲಿ ಕವರ್ ಬಂದು ಬೀಳದಿದ್ದರೆ ರೈಡರ್ ಇಬ್ಬರನ್ನೂ ಎಳೆದುಕೊಂಡು ಮಧ್ಯರೇಖೆ ಮುಟ್ಟುತ್ತಾನೆ. ಆ ಹೊಂದಾಣಿಕೆ ಜೊತೆಯಾಗಿ ಆಡಿದ ಪಂದ್ಯಗಳಿಂದಲೇ ಬರುವಂಥದ್ದು. ಈ ಸೀಮೆಯ ತಂಡಗಳಿಗೆ ಕೊರತೆಯಿರುವುದೂ ಪಂದ್ಯಗಳದ್ದೇ.

ಋತುವಿನ ನಡೆ

ಆಟಗಾರರು ಕಾಲೇಜಿಗೆ ಬರುವ ಮೊದಲೇ ಹಲವು ಮೆಟ್ಟಿಲು ಹತ್ತಿರುತ್ತಾರೆ. ಪ್ರೌಢಶಾಲೆಗಳ ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳು, ಆಮೇಲೆ ಪದವಿಪೂರ್ವ ಶಿಕ್ಷಣ ಇಲಾಖೆಯ ಕೂಟಗಳು. ಇವುಗಳ ಜೊತೆಗೆ ತಾಲ್ಲೂಕಿನಿಂದ ಆರಂಭವಾಗಿ ಮೈಸೂರಿನವರೆಗೆ ಹೋಗುವ ದಸರಾ ಕ್ರೀಡಾಕೂಟವಿದೆ. ಅಲ್ಲಿ ವಿದ್ಯಾರ್ಥಿಗಳೂ ಊರಿನ ಯುವಕರೂ ಒಂದೇ ತಂಡದಲ್ಲಿ ಆಡಬಹುದು.

ಪದವಿ ಕಾಲೇಜಿನಲ್ಲಿ ತಂಡದ ಹೊಣೆ ದೈಹಿಕ ಶಿಕ್ಷಣ ನಿರ್ದೇಶಕರದ್ದು. ಮಕ್ಕಳ ಬಾಯಲ್ಲಿ ಅವರು ‘ಪಿ.ಡಿ. ಸರ್’. ಸಾಮಾನ್ಯವಾಗಿ ಕಾಲೇಜಿಗೆ ಒಬ್ಬರೇ ಇರುತ್ತಾರೆ. ಕಬಡ್ಡಿ, ಖೊಖೊ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲವನ್ನೂ ಅವರೇ ನೋಡಬೇಕು. ಆಯ್ಕೆಯ ದಿನ ಹೊಸ ಹುಡುಗರ ಎದುರು ಹಿಂದಿನ ವರ್ಷದ ತಂಡವನ್ನು ನಿಲ್ಲಿಸಿ ಆಡಿಸುತ್ತಾರೆ. ಆಯ್ಕೆಯಾದವರ ಅರ್ಹತಾ ಪತ್ರ ತುಂಬಬೇಕು, ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ವಯಸ್ಸು ದೃಢಪಡಿಸಬೇಕು, ಪ್ರಾಂಶುಪಾಲರ ಸಹಿ ಪಡೆಯಬೇಕು. ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ಆಡಲು 17ರಿಂದ 25 ವರ್ಷದೊಳಗಿನ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು.

ಅಂಕಣ ಸಿದ್ಧ ಮಾಡುವುದೂ ತಂಡದ ಕೆಲಸವೇ. ಮಳೆಗಾಲದ ಹುಲ್ಲು ಕಿತ್ತು, ಮಣ್ಣನ್ನು ಅಗೆದು ಸಡಿಲಿಸಿ, ಕಲ್ಲು ಹೆಕ್ಕಿ, ನೀರು ಚಿಮುಕಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾರೆ. ಮಳೆ ಹಿಡಿದರೆ ವಾರಗಟ್ಟಲೆ ಅಭ್ಯಾಸ ನಿಲ್ಲುತ್ತದೆ. ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು ರಾಜ್ಯ, ವಲಯ ಮಟ್ಟದಲ್ಲಿ ಶೂ ಹಾಕಿಕೊಂಡು ಮ್ಯಾಟ್ ಮೇಲೆ ಆಡಬೇಕಾಗುತ್ತದೆ. ಮ್ಯಾಟ್ ಮೇಲೆ ಪಾದದ ಹಿಡಿತ ಹೆಚ್ಚು, ತಿರುವು ಚುರುಕು, ಮಂಡಿಯ ಮೇಲಿನ ಹೊರೆಯೂ ಹೆಚ್ಚು. ಮಣ್ಣಿನಲ್ಲಿ ಕಾಲು ಜಾರಿಸಿ ತಪ್ಪಿಸಿಕೊಳ್ಳುವ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಮ್ಯಾಟ್ ಇಲ್ಲದ ಕಾಲೇಜಿನ ಮಕ್ಕಳು ಮೊದಲ ದೊಡ್ಡ ಪಂದ್ಯದಲ್ಲೇ ಹೊಸ ನೆಲವನ್ನೂ ಕಲಿಯಬೇಕಾಗುತ್ತದೆ.

ಅಂತರ ಕಾಲೇಜು ಪಂದ್ಯಾವಳಿಯನ್ನು ಒಂದೊಂದು ವರ್ಷ ಒಂದೊಂದು ಕಾಲೇಜು ಆತಿಥ್ಯ ವಹಿಸಿ ನಡೆಸುವುದು ರೂಢಿ. ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಇರುತ್ತಾರೆ. ಬೆಳಿಗ್ಗೆ ತೂಕ ಮತ್ತು ದಾಖಲೆಗಳ ಪರಿಶೀಲನೆ, ಚೀಟಿ ಎತ್ತಿ ಜೋಡಿಗಳ ನಿರ್ಧಾರ, ಆಮೇಲೆ ಬಿಡುವಿಲ್ಲದೆ ಪಂದ್ಯಗಳು. ಹೆಚ್ಚಾಗಿ ನಾಕೌಟ್, ಕೊನೆಯ ನಾಲ್ಕು ತಂಡಗಳಿಗೆ ಮಾತ್ರ ಲೀಗ್. ಸಮಬಲವಾದರೆ ಐದೈದು ದಾಳಿಗಳಿಂದ ತೀರ್ಮಾನ.

ಅಲ್ಲಿ ಆಡಿದವರ ಪೈಕಿ ಮೇಲೆದ್ದವರನ್ನು ಆರಿಸಿ ಶಿಬಿರ ನಡೆಸಿ ವಿಶ್ವವಿದ್ಯಾಲಯ ತಂಡ ಕಟ್ಟಲಾಗುತ್ತದೆ. ಆಯ್ಕೆಯಾದವರು ‘ಯೂನಿವರ್ಸಿಟಿ ಬ್ಲೂ’. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯಾಗಿ ಆರಂಭವಾಗಿ 1973ರಲ್ಲಿ ಈಗಿನ ಹೆಸರು ಪಡೆದ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ವಲಯ ಪಂದ್ಯಗಳ ಹೊಣೆ ಹೊತ್ತಿದೆ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ನಾಲ್ಕು ವಲಯಗಳಲ್ಲಿ ಮುಂದಿರುವ ತಂಡಗಳು ಅಖಿಲ ಭಾರತ ಅಂತರ ವಲಯ ಪಂದ್ಯಗಳಿಗೆ ಹೋಗುತ್ತವೆ. 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಎರಡನೆಯ ಆವೃತ್ತಿ 2022ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಅದರಲ್ಲೂ ಕಬಡ್ಡಿ ಇತ್ತು.

ಹೊನಲು ಬೆಳಕಿನ ಪಂದ್ಯಗಳು

ಕಾಲೇಜು ಋತುವಿನ ಆಚೆಗೆ ಊರ ಹಬ್ಬ, ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ನೆಪದಲ್ಲಿ ಯುವಕ ಸಂಘಗಳು ನಡೆಸುವ ಹೊನಲು ಬೆಳಕಿನ ಪಂದ್ಯಾವಳಿಗಳಿವೆ. ಪ್ರವೇಶ ಶುಲ್ಕ ಕಟ್ಟಿದ ಯಾವ ತಂಡವಾದರೂ ಆಡಬಹುದು. ನಗದು ಬಹುಮಾನ, ಟ್ರೋಫಿ, ಉತ್ತಮ ರೈಡರ್ ಮತ್ತು ಉತ್ತಮ ಹಿಡಿತಗಾರನಿಗೆ ಬೇರೆ ಬಹುಮಾನ. ಊರಿನವರೆಲ್ಲ ಸುತ್ತ ಕೂತು ನೋಡುತ್ತಾರೆ. ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ ಕೇಳುತ್ತದೆ. ಕಾಲೇಜಿನ ಹುಡುಗರು ತಮ್ಮ ಊರಿನ ತಂಡದ ಪರವಾಗಿ ಇಲ್ಲಿ ಆಡಿ ಗಟ್ಟಿಯಾಗುತ್ತಾರೆ. ಅನುಭವಿ ಹಿಡಿತಗಾರರ ಎದುರು ರಾತ್ರಿಯೆಲ್ಲ ಆಡುವುದು ದೊಡ್ಡ ಪಾಠವೇ. ಆದರೆ ಇಲ್ಲಿ ತೂಕದ ಮಿತಿ ಕಟ್ಟುನಿಟ್ಟಲ್ಲದೆ ಇರಬಹುದು, ವೈದ್ಯಕೀಯ ನೆರವು ದೂರವಿರಬಹುದು. ಅಂತರ ಕಾಲೇಜು ಪಂದ್ಯದ ಹಿಂದಿನ ವಾರ ಇಲ್ಲಿ ಮಂಡಿ ತಿರುಚಿಕೊಂಡ ರೈಡರ್‌ನಿಂದಾಗಿ ಕಾಲೇಜು ತಂಡದ ಇಡೀ ವರ್ಷದ ಸಿದ್ಧತೆ ವ್ಯರ್ಥವಾಗುವುದುಂಟು.

ಕುಸ್ತಿಯ ಪ್ರಭಾವವೂ ಈ ಭಾಗದ ಕಬಡ್ಡಿಯಲ್ಲಿದೆ. ಗರಡಿಯಲ್ಲಿ ಮಣ್ಣು ಮುಟ್ಟಿ ಬೆಳೆದ ಹುಡುಗನಿಗೆ ಸೊಂಟ ಹಿಡಿದು ನೆಲದಿಂದ ಎತ್ತುವ ಬ್ಯಾಕ್ ಹೋಲ್ಡ್ ಸಲೀಸು. ದಾವಣಗೆರೆಯ ಕ್ರೀಡಾ ವಿದ್ಯಾರ್ಥಿನಿಲಯ ಕುಸ್ತಿಗೆ ಹೆಸರಾದದ್ದು ಈ ನಾಡಿನ ಮೈಕಟ್ಟಿನ ಪರಂಪರೆಗೆ ಸಾಕ್ಷಿ.

ವಿದ್ಯಾರ್ಥಿನಿಯರ ಕಬಡ್ಡಿ

ಕರ್ನಾಟಕದ ಮಹಿಳಾ ಕಬಡ್ಡಿಗೆ ದೊಡ್ಡ ಹೆಸರಿದೆ. ತೇಜಸ್ವಿನಿ ಬಾಯಿ ಮತ್ತು ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ತಂಡಗಳಲ್ಲಿದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮಹಿಳಾ ವಿಶ್ವಕಪ್‌ನಲ್ಲಿ ಭಾರತ ಗೆದ್ದಾಗ ಮಮತಾ ನಾಯಕಿ. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ.

ತಾಲ್ಲೂಕು ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರ ತಂಡ ಕಟ್ಟುವುದರ ಕಷ್ಟ ಬೇರೆಯೇ ಬಗೆಯದು. ಸಂಜೆ ಅಭ್ಯಾಸ ಮಾಡಿದರೆ ಹಳ್ಳಿಗೆ ಹೋಗುವ ಕೊನೆಯ ಬಸ್ ತಪ್ಪುತ್ತದೆ. ಹಾಗಾಗಿ ಬೆಳಗಿನ ತರಗತಿಗೆ ಮೊದಲೋ ಮಧ್ಯಾಹ್ನದ ಬಿಡುವಿನಲ್ಲೋ ಆಡಬೇಕು. ಹೊರ ಊರಿನ ಪಂದ್ಯಕ್ಕೆ ಮನೆಯವರ ಒಪ್ಪಿಗೆ ಬೇಕು. ಜೊತೆಗೆ ಮಹಿಳಾ ಅಧ್ಯಾಪಕರೊಬ್ಬರು ಹೋಗಬೇಕು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ರಾಜ್ಯದೊಳಗೆ ಪ್ರಯಾಣ ಉಚಿತವಾಯಿತು. ಪಂದ್ಯಕ್ಕೆ ಹೋಗುವ ಬಸ್ ಚಾರ್ಜು ಎಂಬ ತಡೆ ವಿದ್ಯಾರ್ಥಿನಿಯರ ತಂಡಕ್ಕೆ ಈಗ ಅಷ್ಟಾಗಿ ಇಲ್ಲ. ಅಂಕಣ, ಬಟ್ಟೆ ಬದಲಿಸುವ ಕೋಣೆ, ಶೌಚಾಲಯಗಳ ವ್ಯವಸ್ಥೆಯೂ ಆದರೆ ತಂಡಗಳ ಸಂಖ್ಯೆ ಹೆಚ್ಚಬಹುದು.

ಗಾಯ, ವೆಚ್ಚ, ಉದ್ಯೋಗ

ಕಾಲಿನ ಹರಡು ಉಳುಕುವುದು, ಮಂಡಿಯ ಅಸ್ಥಿರಜ್ಜು ಹರಿಯುವುದು, ಭುಜದ ಕೀಲು ತಪ್ಪುವುದು, ಬೆರಳು ಮುರಿಯುವುದು ಕಬಡ್ಡಿಯ ಸಾಮಾನ್ಯ ಪೆಟ್ಟುಗಳು. ಐಸ್, ಕ್ರೇಪ್ ಬ್ಯಾಂಡೇಜ್, ವಿಶ್ರಾಂತಿ ತಕ್ಷಣದ ಚಿಕಿತ್ಸೆ. ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆಯೂ ತಿಂಗಳುಗಟ್ಟಲೆ ವ್ಯಾಯಾಮವೂ ಬೇಕಾಗಬಹುದು. ನೋವು ಕಡಿಮೆಯಾಯಿತೆಂದು ಬೇಗ ಅಂಕಣಕ್ಕಿಳಿದರೆ ಪೆಟ್ಟು ಮತ್ತೆ ಬರುತ್ತದೆ.

ತಂಡದ ಖರ್ಚು ಪ್ರವೇಶದ ಹೊತ್ತಿಗೆ ವಿದ್ಯಾರ್ಥಿಗಳಿಂದ ಪಡೆಯುವ ಕ್ರೀಡಾ ಶುಲ್ಕದಿಂದ ಬರಬೇಕು. ವಿದ್ಯಾರ್ಥಿಗಳು ಕಡಿಮೆಯಿರುವ ಕಾಲೇಜಿನಲ್ಲಿ ಆ ಮೊತ್ತವೂ ಕಡಿಮೆ. ಜೆರ್ಸಿ, ಪ್ರಯಾಣ, ಊಟ ಕಳೆದರೆ ಹೆಚ್ಚು ಉಳಿಯುವುದಿಲ್ಲ. ಹಳೆಯ ವಿದ್ಯಾರ್ಥಿಗಳು, ಊರಿನ ದಾನಿಗಳು ಕೈಜೋಡಿಸಿದಾಗ ಶೂ, ಮಂಡಿ ಪಟ್ಟಿ ಬರುತ್ತವೆ.

ಆಟ ಅನ್ನ ಕೊಡುವ ದಾರಿಯೂ ಹೌದು. ಪೊಲೀಸ್, ರೈಲ್ವೆ, ಸೇನೆ, ಬ್ಯಾಂಕುಗಳು ಕಬಡ್ಡಿ ಆಟಗಾರರಿಗೆ ಕೆಲಸ ಕೊಟ್ಟಿವೆ. ಕಬಡ್ಡಿ ತಂಡ ಕಟ್ಟಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಅಂಥ ತಂಡಗಳು ಕಡಿಮೆಯಾದಾಗ, ಉಳಿದ ಕೆಲಸಗಳಿಗೆ ಅರ್ಜಿ ಹಾಕುವವರಿಗೆ ವಿಶ್ವವಿದ್ಯಾಲಯ ತಂಡದಲ್ಲಿ ಆಡಿದ ಪ್ರಮಾಣಪತ್ರದ ಬೆಲೆ ಹೆಚ್ಚುತ್ತದೆ. ಆ ಪ್ರಮಾಣಪತ್ರ ಸಿಗಬೇಕಾದರೆ ಆಯ್ಕೆದಾರರ ಕಣ್ಣಿಗೆ ಬೀಳುವಷ್ಟು ಹೊತ್ತು ಅಂಕಣದಲ್ಲಿರಬೇಕು.

ಹೊರನಾಡಿನ ಹೋಲಿಕೆ

ಸಣ್ಣ ಕಾಲೇಜುಗಳಿಗೆ ಭದ್ರವಾದ ಋತುವನ್ನು ಕಟ್ಟಿಕೊಟ್ಟ ಮಾದರಿ ಅಮೆರಿಕದಲ್ಲಿದೆ. ಅಲ್ಲಿನ ಕಾಲೇಜು ಫುಟ್‌ಬಾಲ್ 1869ರ ನವೆಂಬರ್ 6ರಂದು ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ತಂಡಗಳ ಪಂದ್ಯದಿಂದ ಆರಂಭವಾಯಿತೆಂದು ಗಣಿಸುತ್ತಾರೆ. 1973ರಲ್ಲಿ ಕಾಲೇಜುಗಳನ್ನು ಕ್ರೀಡೆಗಾಗಿ ಮೂರು ವಿಭಾಗಗಳಾಗಿ ಹಂಚಲಾಯಿತು. ಮೂರನೆಯ ವಿಭಾಗದಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಓದಲು ಬಂದವರೇ ಆಡುತ್ತಾರೆ. ಆದರೆ ಗೆಲ್ಲಲಿ, ಸೋಲಲಿ, ಹೆಚ್ಚಾಗಿ ಹತ್ತಿರದ ಕಾಲೇಜುಗಳ ಒಕ್ಕೂಟದೊಳಗೆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಒಂದು ತಂಡ ಸುಮಾರು ಹತ್ತು ಪಂದ್ಯ ಆಡುತ್ತದೆ. ಆಮೇಲಷ್ಟೇ ಮೇಲಿನವರಿಗೆ ನಾಕೌಟ್. ಕೊನೆಯ ಪಂದ್ಯಕ್ಕೆ ಸ್ಟ್ಯಾಗ್ ಬೌಲ್ ಎಂದು ಹೆಸರು. ಓಹಿಯೊದ ಮೌಂಟ್ ಯೂನಿಯನ್ ಎಂಬ ಸಣ್ಣ ಸಂಸ್ಥೆ ಈ ಪ್ರಶಸ್ತಿಯನ್ನು 13 ಬಾರಿ ಗೆದ್ದಿದೆ. ಮಿನ್ನೆಸೋಟದ ಸೇಂಟ್ ಜಾನ್ಸ್ ತಂಡದೊಂದಿಗೆ ಬದುಕಿನ ಬಹುಭಾಗ ಕಳೆದ ತರಬೇತುದಾರ ಜಾನ್ ಗಲಿಯಾರ್ಡಿ 489 ಗೆಲುವುಗಳೊಂದಿಗೆ 2012ರಲ್ಲಿ ನಿವೃತ್ತರಾದರು. ಹಣ, ಮೈದಾನ, ಪ್ರೇಕ್ಷಕರ ವಿಷಯದಲ್ಲಿ ನಮ್ಮ ಕಾಲೇಜುಗಳಿಗೂ ಅವುಗಳಿಗೂ ಹೋಲಿಕೆಯೇ ಇಲ್ಲ. ಪಂದ್ಯಗಳ ಸಂಖ್ಯೆ ಮೊದಲೇ ನಿಗದಿಯಾಗಿರಬೇಕೆಂಬ ಕ್ರಮವನ್ನು ಮಾತ್ರ ಹಣವಿಲ್ಲದೆಯೂ ತರಬಹುದು.

ಮುಂದಿನ ದಾರಿ

ನಾಕೌಟ್ ಪದ್ಧತಿಯಲ್ಲಿ 16 ತಂಡಗಳು ಬಂದರೆ, ಕೊನೆಯ ನಾಲ್ಕು ತಂಡಗಳ ಲೀಗ್ ಸೇರಿ ಒಟ್ಟು 18 ಪಂದ್ಯ. 8 ತಂಡಗಳು ಒಂದೇ ಪಂದ್ಯ ಆಡಿ ಊರಿಗೆ ಮರಳುತ್ತವೆ. ಇನ್ನು 4 ತಂಡಗಳಿಗೆ ಸಿಗುವುದು ಎರಡು. ಮೂರು ವರ್ಷವೂ ಮೊದಲ ಸುತ್ತಿನಲ್ಲೇ ಸೋತ ಕಾಲೇಜಿನ ಆಟಗಾರ ತನ್ನ ಇಡೀ ಪದವಿ ಕಾಲದಲ್ಲಿ ಅಂತರ ಕಾಲೇಜು ಮಟ್ಟದಲ್ಲಿ ಆಡುವುದು 3 ಪಂದ್ಯ, ಅಂದರೆ 120 ನಿಮಿಷ. ಅಷ್ಟರಲ್ಲಿ ಕಾರ್ನರ್ ಮತ್ತು ಕವರ್ ನಡುವೆ ಹೊಂದಾಣಿಕೆ ಬೆಳೆಯುವುದಿಲ್ಲ. ಮೂರು ವರ್ಷಕ್ಕೆ ತಂಡ ಪೂರ್ತಿ ಬದಲಾಗುವುದರಿಂದ ಕಲಿತದ್ದು ಕಿರಿಯರಿಗೆ ದಾಟುವುದೂ ಇಲ್ಲ.

ಪರಿಹಾರ ದೊಡ್ಡ ಖರ್ಚಿನದಲ್ಲ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಅಂತರ ಕಾಲೇಜು ಪಂದ್ಯಾವಳಿಗೆ ಮೊದಲು ತಮ್ಮೊಳಗೇ ಲೀಗ್ ನಡೆಸಿದರೆ, ತಮ್ಮ ಮೈದಾನದಲ್ಲೊಮ್ಮೆ ಎದುರಾಳಿಯ ಮೈದಾನದಲ್ಲೊಮ್ಮೆ ಎಂಬ ಲೆಕ್ಕದಲ್ಲಿ ಒಟ್ಟು 12 ಪಂದ್ಯಗಳಾಗುತ್ತವೆ. ಪ್ರತಿ ತಂಡಕ್ಕೆ 6. ನಾಲ್ಕೂ ಊರುಗಳು ಒಂದೇ ಜಿಲ್ಲೆಯಲ್ಲಿವೆ. ಬೆಳಿಗ್ಗೆ ಹೊರಟು ಆಡಿ ಸಂಜೆ ಮರಳಬಹುದು. ಬೇಕಾದದ್ದು ಸುಣ್ಣದ ಗೆರೆಯ ಅಂಕಣ, ಅಂಪೈರ್‌ಗಳ ಗೌರವಧನ, ಬಸ್ ಚಾರ್ಜು, ಮಧ್ಯಾಹ್ನದ ಊಟ. ದಿನಾಂಕಗಳನ್ನು ವರ್ಷದ ಆರಂಭದಲ್ಲೇ ಗೊತ್ತುಮಾಡಿದರೆ ಹೊಲದ ಕೆಲಸಕ್ಕೂ ಪರೀಕ್ಷೆಗೂ ಅಡ್ಡಿಯಾಗದಂತೆ ಹೊಂದಿಸಬಹುದು. ಹೀಗಾದರೆ ಮೂರು ವರ್ಷದ ಆಟಗಾರನಿಗೆ ಲೀಗ್‌ನ 18, ಅಂತರ ಕಾಲೇಜಿನ 3 ಸೇರಿ ಕನಿಷ್ಠ 21 ಪಂದ್ಯ ಖಚಿತ. ಇದೇ ಕ್ರಮವನ್ನು ವಿದ್ಯಾರ್ಥಿನಿಯರ ತಂಡಗಳಿಗೂ ಅದೇ ದಿನ, ಅದೇ ಮೈದಾನದಲ್ಲಿ ಅನ್ವಯಿಸಬಹುದು. ಗೋವಿನಕೋವಿಯಂಥ ಊರಿನಿಂದ ಕಾಲೇಜಿಗೆ ಬರುವ ಹುಡುಗನಿಗೂ ಹುಡುಗಿಗೂ ಸೋತ ಮೇಲೆ ಮತ್ತೆ ಆಡುವ ಅವಕಾಶ ಅದೇ ವರ್ಷ ಸಿಗಬೇಕು. ಸಣ್ಣ ಕಾಲೇಜುಗಳ ಕಬಡ್ಡಿ ಬೆಳೆಯಲು ತುರ್ತಾಗಿ ಆಗಬೇಕಾದ ಸುಧಾರಣೆ ಇದು.